ಆನೆ ಅಚ್ಚು: ಇಲಿ ಕಡಿದ ‘ತ’

“ಮೂಗು ತಾಗಿಸ್ಬೇಡಿ ಅಮ್ಮಾ, ಅದು ಸಾಕ್ಷಿ!”

ಇನ್ಸ್‌ಪೆಕ್ಟರ್ ಕೂಗಿದ್ದು ಅಚ್ಚಕ್ಕನ ಕಿವಿಗೆ ಬೀಳಲೇ ಇಲ್ಲ. ಠಾಣೆಯ ಮೇಜಿನ ಮೇಲೆ ಹರಡಿದ್ದ ಪೋಸ್ಟರಿನ ಮೇಲೆ ಅವಳು ಭೂತಗನ್ನಡಿ ಹಿಡಿದು ಬಾಗಿ ಆಗಲೇ ಕಾಲು ಗಂಟೆಯಾಗಿತ್ತು. ಮೂಗಿಗೂ ಕಾಗದಕ್ಕೂ ನಡುವೆ ಒಂದು ಬೆರಳು ತೂರಿಸಲು ಜಾಗವಿರಲಿಲ್ಲ.

“ಸಿಕ್ತು!” ಎಂದು ಅವಳು ನೆಟ್ಟಗೆ ನಿಂತ ರಭಸಕ್ಕೆ ಹಿಂದಿದ್ದ ಕುರ್ಚಿ ಉರುಳಿತು. “ಸಾಹೇಬ್ರೆ, ಇದು ನಮ್ಮ ಪ್ರೆಸ್ಸಿಂದ ಬಂದಿದ್ದಲ್ಲ. ಆಣೆ ಇಟ್ಟು ಹೇಳ್ತೀನಿ, ಅಲ್ಲ!”

“ನಿನ್ನೆಯಿಂದ ಇದನ್ನೇ ಹೇಳ್ತಿದ್ದೀರಿ.”

“ನಿನ್ನೆ ಬರೀ ಬಾಯಲ್ಲಿ ಹೇಳ್ದೆ. ಇವತ್ತು ತೋರಿಸ್ತೀನಿ.”

ನಿನ್ನೆ ಬೆಳಿಗ್ಗೆ, ಹೊಸ ಸೇತುವೆಯ ಉದ್ಘಾಟನೆಗೆ ಜನ ಸೇರುವ ಹೊತ್ತಿಗೆ ಸರಿಯಾಗಿ ಊರಿನ ಇನ್ನೂರು ಗೋಡೆಗಳ ಮೇಲೆ ಈ ಪೋಸ್ಟರ್ ಕಾಣಿಸಿಕೊಂಡು, ನೂಕುನುಗ್ಗಲಾಗಿ ಹದಿನೇಳು ಮಂದಿಯ ಕೈಕಾಲು ಮುರಿದಿತ್ತು. ಪೊಲೀಸರು ಅಲ್ಲಿ ಇಲ್ಲಿ ಹುಡುಕುವ ಗೋಜಿಗೇ ಹೋಗಲಿಲ್ಲ. ಅಕ್ಷರ ನೋಡಿದರು, ನೆಟ್ಟಗೆ ಅಚ್ಚಕ್ಕನ ಪ್ರೆಸ್ಸಿಗೆ ಬಂದರು, ಅಲ್ಲಿ ಅಚ್ಚು ಹಾಕುವ ಅವಳ ತಮ್ಮನನ್ನು ಜೀಪಿಗೆ ಹತ್ತಿಸಿದರು. ಇವತ್ತು ಸಂಜೆ ನಾಲ್ಕಕ್ಕೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಅಲ್ಲಿಂದ ಮುಂದೆ ಜೈಲು. ಗೋಡೆಯ ಗಡಿಯಾರ ಈಗ ಹನ್ನೆರಡೂಕಾಲು ತೋರಿಸುತ್ತಿತ್ತು.

ಪೊಲೀಸರನ್ನು ದೂರಿ ಪ್ರಯೋಜನವಿಲ್ಲ. ಆ ಅಕ್ಷರ ಹಾಗಿತ್ತು.

ಈ ಸೇತುವೆ ಬೀಳುತ್ತದೆ
ಹತ್ತಬೇಡಿ! ಹತ್ತಬೇಡಿ!

ಇರುವುದು ಎರಡೇ ಸಾಲು. ಒಂದೊಂದು ಅಕ್ಷರವೂ ಅಂಗೈ ಅಗಲ. ಗೆರೆ ಎಷ್ಟು ದಪ್ಪವೆಂದರೆ ಅಕ್ಷರದ ಒಳಗಿನ ಬಿಳಿ ಜಾಗಕ್ಕೆ ಉಸಿರಾಡಲೂ ಎಡೆಯಿಲ್ಲ. ‘ಬ’ದ ಹೊಟ್ಟೆಯೊಳಗೆ ಕಡಲೆಕಾಳಿನಷ್ಟು ಕಿಂಡಿ, ಅಷ್ಟೆ. ತಲೆಕಟ್ಟು ಬಾಗಿಲ ಮೇಲಿನ ತೊಲೆಯಂತೆ ಅಡ್ಡಡ್ಡ ಮಲಗಿತ್ತು. ಕೆಳಗಿನ ಸುತ್ತುಗಳು ನೆಲಕ್ಕೆ ಒತ್ತಿ ಕೂತಿದ್ದವು. ಎದುರು ಬೀದಿಯಿಂದ ಓದಬಹುದು, ಓಡುವ ಬಸ್ಸಿನಿಂದ ಓದಬಹುದು, ಕನ್ನಡಕ ಮರೆತು ಬಂದವನೂ ಓದಬಹುದು. ಓದಬಾರದು ಎಂದುಕೊಂಡವನಿಗೂ ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಆ ಅಕ್ಷರಗಳನ್ನು ಗಟ್ಟಿಮರದಲ್ಲಿ ಒಂದೊಂದಾಗಿ ಕೆತ್ತಿದವನು ಅಚ್ಚಕ್ಕನ ಅಪ್ಪ. ಮೂರು ವರ್ಷ ಹಿಡಿದಿತ್ತಂತೆ. ಹೆಸರಿಟ್ಟದ್ದು ಊರಿನವರು: ಆನೆ ಅಚ್ಚು. ಸರ್ಕಸ್ಸು ಬಂದರೆ ಆನೆ, ಕುಸ್ತಿಗೆ ಆನೆ, ನಾಟಕಕ್ಕೆ ಆನೆ, ಹರಾಜಿಗೆ, ಚುನಾವಣೆಗೆ, ‘ರಸ್ತೆ ಮುಚ್ಚಿದೆ’ ಎನ್ನುವುದಕ್ಕೂ ಆನೆಯೇ. ಅಪ್ಪ ಮಾತ್ರ ಕಟ್ಟುನಿಟ್ಟು. ಆನೆಯ ಮೇಲೆ ನಾಲ್ಕು ಮಾತಿಗಿಂತ ಹೆಚ್ಚು ಹೇರಬಾರದು, ಗುಟ್ಟು ಹೇಳುವ ಕಡೆ ಆನೆಯನ್ನು ಕರೆತರಬಾರದು ಎನ್ನುತ್ತಿದ್ದ. ಒಮ್ಮೆ ಒಬ್ಬ ಗಿರಾಕಿ ಹಟ ಹಿಡಿದು ಮಗಳ ಮದುವೆ ಕಾಗದವನ್ನೇ ಆನೆಯಲ್ಲಿ ಹಾಕಿಸಿದ. ಕಾಗದ ತಲುಪಿದ ನೆಂಟರು, ಮದುವೆಗೆ ಬರಬೇಕೋ ಊರು ಬಿಟ್ಟು ಓಡಬೇಕೋ ಎಂದು ಫೋನು ಮಾಡಿ ಕೇಳಿದ್ದರು.

ಈಗ ಆ ಆನೆ ಪೊಲೀಸರ ವಶದಲ್ಲಿತ್ತು. ಮರದ ಪೆಟ್ಟಿಗೆಗೆ ಅರಗಿನ ಮುದ್ರೆ ಹಾಕಿ ಠಾಣೆಯ ಮೂಲೆಯಲ್ಲಿ ಇಟ್ಟಿದ್ದರು.

“ಅದನ್ನ ತೆಗೀರಿ,” ಎಂದಳು ಅಚ್ಚಕ್ಕ.

“ಮುದ್ರೆ ಹಾಕಿರೋದು ಅಮ್ಮಾ.”

“ಒಡೆದು ಮತ್ತೆ ಹಾಕಿ. ನಿಮ್ಮ ಅರಗೇನು ಬಂಗಾರದ್ದೇ? ನನ್ನ ತಮ್ಮನ ಬಾಳು ಹಾಳಾಗ್ತಿದೆ ಸಾಹೇಬ್ರೆ.”

ಇನ್ಸ್‌ಪೆಕ್ಟರನಿಗೆ ಮೂರು ದಿನದಿಂದ ನೆಗಡಿ. ಕರವಸ್ತ್ರಕ್ಕೆ ಒಮ್ಮೆ ಜೋರಾಗಿ ಸೀನಿ, ಈ ಹೆಂಗಸಿನ ಜೊತೆ ವಾದ ಮಾಡುವುದಕ್ಕಿಂತ ಅರಗು ಒಡೆಯುವುದೇ ಸುಲಭ ಎಂದು ತೀರ್ಮಾನಿಸಿದವನಂತೆ ಚಾಕು ಎತ್ತಿಕೊಂಡ.

ಪೆಟ್ಟಿಗೆ ತೆರೆದಾಗ ಹಳೆಯ ಮಸಿಯ ವಾಸನೆ ಎದ್ದಿತು. ಅಚ್ಚಕ್ಕನಿಗೆ ಹುಟ್ಟಿದಾಗಿನಿಂದ ಗೊತ್ತಿರುವ ವಾಸನೆ ಅದು. ಆದರೆ ಅಳುವುದಕ್ಕೆ ಇದು ಹೊತ್ತಲ್ಲ ಎಂದು ತನಗೇ ಗದರಿಕೊಂಡು ಅವಳು ಖಾನೆಗಳೊಳಗೆ ಕೈಹಾಕಿದಳು. ಕಣ್ಣು ಕಟ್ಟಿದ್ದರೂ ಹುಡುಕಬಲ್ಲ ಕೈ.

ಆರು ಮರದ ತುಂಡುಗಳು ಮೇಜಿನ ಮೇಲೆ ಸಾಲಾಗಿ ಕೂತವು.

“ಇವು ‘ತ’. ನಮ್ಮ ಹತ್ರ ಇರೋದೇ ಆರು. ಈಗ ಈ ಕಡೇದನ್ನ ನೋಡಿ. ಬಲಗಡೆ, ಕೆಳಗೆ.”

ಇನ್ಸ್‌ಪೆಕ್ಟರ್ ಬಾಗಿದ. ಕೊನೆಯ ‘ತ’ದ ಬಲಸುತ್ತಿನ ಕೆಳಗೆ ಒಂದು ಸಣ್ಣ ಕಚ್ಚು ಇತ್ತು. ಅಕ್ಕಿಕಾಳಿನಷ್ಟು.

“ಇಲಿ ಕಡಿದಿದ್ದು. ಉಳಿದ ಐದಕ್ಕೆ ಏನೂ ಆಗಿಲ್ಲ. ಈಗ ಪೋಸ್ಟರ್ ನೋಡಿ. ‘ಬೀಳುತ್ತದೆ’ಯಲ್ಲಿ ಒಂದು ‘ತ’. ‘ಹತ್ತಬೇಡಿ’ ಎರಡು ಸಲ, ಅದಕ್ಕೆ ಎರಡು. ‘ಸೇತುವೆ’ಯ ‘ತು’ ಬೇರೆ ಅಚ್ಚುಮೊಳೆ, ಅದನ್ನ ಬಿಡಿ. ಒಟ್ಟು ಮೂರು. ಭೂತಗನ್ನಡಿ ಹಿಡೀರಿ.”

ಅವನು ಹಿಡಿದ. ಮೊದಲನೆಯದು ನೋಡಿದ. ಎರಡನೆಯದು ನೋಡಿದ. ಮೂರನೆಯದು ನೋಡಿ ಮತ್ತೆ ಮೊದಲನೆಯದಕ್ಕೆ ಬಂದ.

“ಮೂರಕ್ಕೂ ಕಚ್ಚು ಇದೆ,” ಎಂದ.

“ಒಂದೇ ಕಚ್ಚು! ಅದೇ ಜಾಗ, ಅದೇ ಆಕಾರ. ಒಂದೇ ಮರದ ತುಂಡು ಒಂದೇ ಕಾಗದದ ಮೇಲೆ ಮೂರು ಕಡೆ ಹೇಗೆ ಕೂರುತ್ತೆ ಸಾಹೇಬ್ರೆ? ಕೂತ ಮೊಳೆ ಕೂತಲ್ಲೇ ಇರ್ಬೇಕಲ್ವಾ?”

ಇನ್ಸ್‌ಪೆಕ್ಟರ್ ಸೀನುವುದನ್ನೂ ಮರೆತ. ಆದರೆ ಪೊಲೀಸ್ ಬುದ್ಧಿ ಅಷ್ಟು ಸುಲಭವಾಗಿ ಸೋಲುವುದಿಲ್ಲ.

“ಮೂರು ಸಲ ಒತ್ತಿರ್ಬಹುದು. ಒಂದು ಸಲ ಒಂದು ಕಡೆ, ಇನ್ನೊಂದು ಸಲ ಇನ್ನೊಂದು ಕಡೆ.”

“ಐದು ಒಳ್ಳೆ ‘ತ’ ಮನೇಲಿಟ್ಕೊಂಡು? ಇನ್ನೂರು ಪೋಸ್ಟರಿಗೆ ಆರುನೂರು ಸಲ? ನನ್ನ ತಮ್ಮ ಎಂಥ ಸೋಮಾರಿ ಅಂತ ನಿಮಗೆ ಗೊತ್ತಿಲ್ಲ. ಕಾಫಿ ಲೋಟ ಎತ್ತಿಡೋಕೆ ನಾಲ್ಕು ಸಲ ಹೇಳ್ಬೇಕು.” ಅವಳು ಸುತ್ತ ನೋಡಿದಳು. “ಇರಲಿ. ಅದಕ್ಕೂ ಉತ್ತರ ಇದೆ. ನಿಮ್ಮ ಸ್ಟಾಂಪ್ ಪ್ಯಾಡ್ ಕೊಡಿ.”

ಠಾಣೆಯ ಸ್ಟಾಂಪ್ ಪ್ಯಾಡಿನ ನೇರಳೆ ಮಸಿಯಲ್ಲಿ ಚಿಂದಿಬಟ್ಟೆ ಅದ್ದಿ, ಇಲಿ ಕಡಿದ ‘ತ’ಕ್ಕೆ ಸವರಿ, ದೂರು ಬರೆಯುವ ಹಾಳೆಯ ಬೆನ್ನಿಗೆ ಅವಳು ಒತ್ತಿದಳು. ಮತ್ತೆ ಸವರಿದಳು, ಒತ್ತಿದಳು. ಮೂರನೆಯ ಸಲ ಒತ್ತುವಾಗ ಬಾಗಿಲಲ್ಲಿ ನಿಂತಿದ್ದ ಪೇದೆಯೂ ಕತ್ತು ಉದ್ದ ಮಾಡಿದ್ದ.

ಹಾಳೆಯ ಮೇಲೆ ಮೂರು ನೇರಳೆ ‘ತ’ಗಳು. ಒಂದರ ಎಡಗಡೆ ಮಸಿ ಕಡಿಮೆಯಾಗಿತ್ತು. ಇನ್ನೊಂದರ ತಲೆಕಟ್ಟಿನಲ್ಲಿ ಮರದ ಎಳೆ ಎದ್ದು ಕಾಣುತ್ತಿತ್ತು. ಮೂರನೆಯದರ ಅಂಚು ಒಡೆದು ಹರಡಿತ್ತು.

“ಮೊಳೆ ಒಂದೇ, ಒತ್ತಿದ ಕೈ ಒಂದೇ. ಆದ್ರೂ ಮೂರೂ ಮೂರು ಥರ. ಯಂತ್ರದಲ್ಲಿ ಹಾಕಿದ್ರೂ ಅಷ್ಟೆ, ಇಷ್ಟು ಕೆಟ್ಟದಾಗಿರಲ್ಲ, ಆದ್ರೆ ವ್ಯತ್ಯಾಸ ಇದ್ದೇ ಇರುತ್ತೆ. ಈಗ ಪೋಸ್ಟರಿನವನ್ನ ನೋಡಿ. ಎಳೆ ಇಲ್ಲ, ಹರಡಿದ್ದಿಲ್ಲ. ನೀವೇ ಎರಡು ಪೋಸ್ಟರ್ ತಗೊಂಡು ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡೀರಿ.”

ಇನ್ಸ್‌ಪೆಕ್ಟರ್ ತಾನೇ ಕಿಟಕಿಗೆ ಹೋದ. ಬಿಸಿಲಿಗೆ ಹಿಡಿದು ಮೇಲಿನ ಕಾಗದವನ್ನು ಮೆಲ್ಲಗೆ ಸರಿಸುತ್ತ ಒಂದು ‘ತ’ವನ್ನು ಇನ್ನೊಂದರ ಮೇಲೆ ತಂದ. ಕೂದಲೆಳೆಯಷ್ಟೂ ಆಚೀಚೆ ಆಗದೆ ಎರಡೂ ಒಂದಾಗಿ ಕೂತುಬಿಟ್ಟವು. ಅವನ ಬಾಯಿಂದ ಸಣ್ಣದೊಂದು ಶಿಳ್ಳೆ ಹೊರಟಿತು.

“ಹಾಗಾದ್ರೆ?”

“ಹಾಗಾದ್ರೆ ಯಾರೋ ನಮ್ಮ ಆನೇನ ಕಂಪ್ಯೂಟರಿಗೆ ಹತ್ತಿಸಿದ್ದಾರೆ!” ಅಚ್ಚಕ್ಕನ ದನಿ ಏರಿತು. ಅವಳಿಗೆ ಕುಣಿಯಬೇಕೆನ್ನಿಸುತ್ತಿತ್ತು, ಐವತ್ತೆಂಟರ ಮೊಣಕಾಲು ಬೇಡವೆನ್ನುತ್ತಿತ್ತು. “ಒಂದೊಂದು ಅಕ್ಷರಕ್ಕೂ ಒಂದೊಂದು ಚಿತ್ರ. ‘ತ’ಕ್ಕೆ ಸಿಕ್ಕಿದ್ದು ಇಲಿ ಕಡಿದಿದ್ದು. ಇನ್ನು ಅವರು ಸಾವಿರ ಸಲ ‘ತ’ ಒತ್ತಿದ್ರೂ ಸಾವಿರ ಸಲ ಅದೇ ಕಚ್ಚು ಬರುತ್ತೆ. ಮರ ಬಿಟ್ಟು ಗಾಳೀಲಿ ಮಾಡಿದ ಆನೆ ಇದು. ನನ್ನ ತಮ್ಮನಿಗೆ ಕಂಪ್ಯೂಟರ್ ಆನ್ ಮಾಡೋಕೂ ಬರಲ್ಲ ಸಾಹೇಬ್ರೆ. ಬಿಟ್ಬಿಡಿ ಅವನನ್ನ.”

“ಅಷ್ಟು ಬೇಗ ಆಗಲ್ಲ.” ಆದರೆ ಅವನ ಕಣ್ಣೂ ಈಗ ಹೊಳೆಯುತ್ತಿತ್ತು. “ಇದನ್ನ ಮಾಡಿದವನು ಯಾರು ಅಂತ ತೋರ್ಸಿ. ಅವನು ಸಿಕ್ಕಿದ್ರೆ ನಾಲ್ಕು ಗಂಟೆ ಒಳಗೆ ಪೋಸ್ಟರ್ ಕೇಸು ಕೈಬಿಡ್ತೀನಿ. ನಿಮ್ಮ ತಮ್ಮ ಮನೆಗೆ.”

ಅಚ್ಚಕ್ಕ ಉರುಳಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಲೂ ಇಲ್ಲ. ಪೋಸ್ಟರನ್ನು ಸುರುಳಿ ಸುತ್ತಿ ಕಂಕುಳಿಗೆ ಸೇರಿಸಿದಳು.

“ಜೀಪು ತೆಗೀರಿ.”

ಜೀಪಿನಲ್ಲಿ ಅವಳ ಬಾಯಿ ನಿಲ್ಲಲಿಲ್ಲ. ಎದುರು ಬೀದಿಯ ಪ್ರೆಸ್ಸಿನವನು ಆನೆಗಾಗಿ ಇಪ್ಪತ್ತು ವರ್ಷದಿಂದ ಜೊಲ್ಲು ಸುರಿಸುತ್ತಿದ್ದಾನೆ, ನಿಜ. ಆದರೆ ಅವನು ಅಂಗಡಿಯ ದೀಪ ಉರಿಸುವುದಕ್ಕೇ ಜಿಪುಣತನ ಮಾಡುವವನು, ಇಷ್ಟೆಲ್ಲ ಕಷ್ಟಪಡುವ ಆಸಾಮಿಯಲ್ಲ. ಚಿತ್ರ ತೆಗೆದ ಮಾತ್ರಕ್ಕೆ ಅಕ್ಷರವಾಗುವುದಿಲ್ಲ. ಅಂಚು ತಿದ್ದಬೇಕು, ಒತ್ತು ಎಲ್ಲಿ ಕೂರಬೇಕು, ದೀರ್ಘ ಎಷ್ಟು ದೂರ ನಿಲ್ಲಬೇಕು ಎಂದು ತಿಳಿದಿರಬೇಕು. ಊರಿನಲ್ಲಿ ಅಂಥ ಕಣ್ಣಿರುವುದು ಒಬ್ಬನಿಗೇ.

“ಕುಂಚಪ್ಪ,” ಎಂದಳು. “ಮೊದಲು ಬೋರ್ಡು ಬರೀತಿದ್ದ. ನಮ್ಮಪ್ಪನ ಹತ್ರಾನೇ ಅಕ್ಷರ ಕಲಿತಿದ್ದು. ಕುಂಚ ಬಿಟ್ಟು ಕಂಪ್ಯೂಟರ್ ಹಿಡಿದ. ಆರು ವರ್ಷದ ಹಿಂದೆ ಬಂದು, ‘ಅಕ್ಕಾ, ಆನೇನ ಒಂದು ವಾರ ಕೊಡಿ’ ಅಂದಿದ್ದ. ಮಸಿ ಉರುಳೆ ತಗೊಂಡು ಬೀದಿ ಕೊನೆ ತನಕ ಅಟ್ಟಿಸ್ಕೊಂಡು ಹೋಗಿದ್ದೆ.”

“ಯಾಕೆ?”

“ಯಾಕೆ ಅಂದ್ರೆ? ಮನೆ ಆನೇನ ಬೀದಿಗೆ ಬಿಡ್ತಾರಾ ಯಾರಾದ್ರೂ?”

ಇನ್ಸ್‌ಪೆಕ್ಟರ್ ಕಿಸೆಯಿಂದ ಒಂದು ಫೋಟೋ ತೆಗೆದು ತೊಡೆಯ ಮೇಲಿಟ್ಟುಕೊಂಡ. ಬೋಳುತಲೆ, ದಪ್ಪ ಮೀಸೆ, ನಗದ ಮುಖ. ಸೇತುವೆ ಕಟ್ಟಿಸಿದ ಎಂಜಿನಿಯರ್. ಬುಧವಾರ ಬೆಳಿಗ್ಗೆ ಮನೆಯಿಂದ ಹೊರಟವರು ಆಫೀಸಿಗೂ ತಲುಪಿಲ್ಲ, ಮನೆಗೂ ಮರಳಿಲ್ಲ. ಆಮೇಲೆ ಅವರನ್ನು ಕಂಡವರೇ ಇಲ್ಲ.

“ನನಗೆ ನಿಜವಾದ ತಲೆನೋವು ಇದು ಅಮ್ಮಾ. ಪೋಸ್ಟರಿಗೂ ಇದಕ್ಕೂ ಸಂಬಂಧ ಇದೆಯಾ ಅಂತ ನಿಮ್ಮ ತಮ್ಮನ್ನ ಎರಡು ಗಂಟೆ ಕೇಳ್ದೆ. ಇವರ ಮುಖಾನೇ ನೋಡಿಲ್ಲ ಅಂತ ಬರೆದುಕೊಟ್ಟಿದ್ದಾನೆ.”

“ಅವನು ನೋಡಿಲ್ಲ ಅಂದ್ರೆ ನೋಡಿಲ್ಲ. ನಾನು ಎತ್ತಿ ಆಡಿಸಿದ ಮಗು ಅದು.” ಮಗುವಿಗೆ ನಲವತ್ತಾರು ವರ್ಷ ಎಂಬುದನ್ನು ಅವಳು ಹೇಳಲಿಲ್ಲ.

ಜೀಪು ಅಂಗಡಿಬೀದಿಯೊಳಗೆ ನುಗ್ಗಿತು. ಎರಡೂ ಕಡೆ ಬೋರ್ಡುಗಳ ಸಂತೆ. ಔಷಧಿ ಅಂಗಡಿ, ಚಪ್ಪಲಿ ಅಂಗಡಿ, ಹಲ್ಲಿನ ಡಾಕ್ಟರು, ಎಲ್ಲರಿಗೂ ದಪ್ಪ ಅಕ್ಷರವೇ ಬೇಕು. ಎಲ್ಲರೂ ಒಟ್ಟಿಗೆ ಕೂಗುವುದರಿಂದ ಯಾರ ಮಾತೂ ಕೇಳಿಸುವುದಿಲ್ಲ ಎಂದು ಅಚ್ಚಕ್ಕ ದಿನಾ ಗೊಣಗುವುದಿತ್ತು. ಇವತ್ತು ಅವಳಿಗೆ ಯಾವುದೂ ಕಾಣಲಿಲ್ಲ. ನಾಲ್ಕು ಗಂಟೆಗೆ ಮುಂಚೆ ತಮ್ಮನ ಬೆನ್ನಿಗೊಂದು ಗುದ್ದು ಕೊಟ್ಟು ಮನೆಗೆ ಎಳೆದುಕೊಂಡು ಹೋಗುವುದೊಂದೇ ಕಣ್ಣಮುಂದಿತ್ತು.

ಕುಂಚಪ್ಪನ ಅಂಗಡಿ ಬೀದಿಯ ಕೊನೆಯಲ್ಲಿ, ಎರಡು ಮೆಟ್ಟಿಲು ಕೆಳಗೆ. ಬಾಗಿಲು ತೆರೆದರೆ ಪ್ಲಾಸ್ಟಿಕ್ಕಿನ ಘಾಟು. ದೊಡ್ಡ ಯಂತ್ರವೊಂದು ಕಿರ್ರೆನ್ನುತ್ತ ಯಾವುದೋ ಜವಳಿ ಅಂಗಡಿಯ ಬ್ಯಾನರನ್ನು ನಾಲಿಗೆಯಂತೆ ಹೊರಗೆ ಚಾಚುತ್ತಿತ್ತು. ಗೋಡೆಗೆ ಒರಗಿಸಿದ್ದ ತಗಡುಗಳ ಮೇಲೆ ಅರ್ಧ ಅಂಟಿಸಿದ ಅಕ್ಷರಗಳಿದ್ದವು. ಅವುಗಳ ನಡುವೆ ಕುಂಚಪ್ಪ ಮಂಡಿಯೂರಿ ಕೂತು ಒಂದು ‘ಕ’ದ ಕೆಳಗಿನ ಗಾಳಿಗುಳ್ಳೆಯನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದ. ತೆಳ್ಳಗಿನ, ಉದ್ದ ಕತ್ತಿನ ಮನುಷ್ಯ. ತಲೆಯೆತ್ತಿ ಅಚ್ಚಕ್ಕನನ್ನು ನೋಡಿ ನಕ್ಕ. ಅವಳ ಹಿಂದೆ ಖಾಕಿ ಕಂಡಿತು. ನಗು ಅಲ್ಲೇ ಸತ್ತಿತು.

ಅಚ್ಚಕ್ಕ ಪೋಸ್ಟರನ್ನು ಅವನ ಮುಂದೆ ಬಿಚ್ಚಿ ಹರಡಿದಳು. ‘ತ’ದ ಮೇಲೆ ಬೆರಳಿಟ್ಟಳು.

“ಗುರುತು ಸಿಕ್ತಾ?”

ಕುಂಚಪ್ಪ ಒಂದು ನೋಟ ನೋಡಿದ್ದೇ ಕಣ್ಣು ಮುಚ್ಚಿಕೊಂಡ.

“ಅಕ್ಕಾ, ನೀವೊಬ್ರೇ ಒಳಗೆ ಬನ್ನಿ. ಎರಡು ನಿಮಿಷ ಮಾತಾಡೋಣ. ಸಾಹೇಬ್ರು ಹೊರಗೆ ಕೂತಿರ್ಲಿ.”

“ಯಾಕೆ? ಕಾಲು ಹಿಡಿಯೋಕಾ? ಏನಿದ್ರೂ ಸಾಹೇಬ್ರ ಮುಂದೇನೇ ಆಗ್ಲಿ. ಆನೇನ ಕಂಪ್ಯೂಟರಿಗೆ ಹಾಕಿದ್ದು ನೀನೇ ತಾನೆ?”

ಅವನು ಎದ್ದು ಹೋಗಿ ಮೂಲೆಯ ಕಂಪ್ಯೂಟರಿನ ಮುಂದೆ ಕೂತು ಏನೋ ಒತ್ತಿದ.

ಪರದೆಯ ಮೇಲೆ ‘ಅ’ ಮೂಡಿತು. ಆಮೇಲೆ ‘ಆ’, ‘ಇ’. ಒಂದರ ಹಿಂದೊಂದು, ಕಪ್ಪಗೆ, ಗುಂಡಗೆ, ಆನೆಗಳು ಸಾಲಾಗಿ ಬಂದು ನಿಂತವು.

ಅಚ್ಚಕ್ಕ ಬೈಯಲು ತೆರೆದ ಬಾಯಿ ತೆರೆದೇ ಇತ್ತು. ಮರದಲ್ಲಿ ಅಕ್ಷರ ತಿರುಗುಮುರುಗಾಗಿ ಇರುತ್ತದೆ, ಮಸಿ ಮೆತ್ತಿ, ಸವೆದು ಅಂಚು ಮೊಂಡಾಗಿರುತ್ತದೆ. ಇಲ್ಲಿ ಅಪ್ಪನ ಉಳಿ ಹೋದ ದಾರಿ ಮೊದಲ ದಿನದಷ್ಟು ಚೂಪಾಗಿ ಕಾಣುತ್ತಿತ್ತು. ‘ಣ’ದ ಎರಡು ಗುಂಡಿಗಳ ನಡುವೆ ಅಪ್ಪ ಬಿಟ್ಟಿದ್ದ ಸಣ್ಣ ಬಿಳಿ ಗೆರೆ ಕೂಡ ಹಾಗೇ ಇತ್ತು. ಸಿಟ್ಟಿನ ಜೊತೆಗೇ ಅವಳಿಗೆ ವಿಪರೀತ ಸಂತೋಷವಾಯಿತು, ಆ ಸಂತೋಷಕ್ಕೆ ಇನ್ನೂ ಸಿಟ್ಟು ಬಂತು.

“‘ಝ’ದ ಬಾಲ ದಪ್ಪ ಆಯ್ತು,” ಎಂದಳು ಕೊನೆಗೆ.

“ಹೌದಾ ಅಕ್ಕಾ?” ಅವನು ತಕ್ಷಣ ಮುಂದೆ ಬಾಗಿದ. “ನನಗೂ ಅನುಮಾನ ಇತ್ತು.”

“ಏಯ್, ಪಾಠ ಆಮೇಲೆ,” ಎಂದ ಇನ್ಸ್‌ಪೆಕ್ಟರ್. “ಈ ಕಚ್ಚು ಯಾಕೆ ಹಾಗೇ ಬಿಟ್ಟಿದ್ದೀಯ? ತಿದ್ದಬಹುದಿತ್ತಲ್ಲ?”

“ಸವೆದ ಅಂಚನ್ನೆಲ್ಲ ತಿದ್ದಿದೆ ಸರ್. ಇದೊಂದನ್ನ ಮುಟ್ಟಲಿಲ್ಲ. ಗುರುಗಳು ಏನೋ ಯೋಚನೆ ಮಾಡಿ ಕೆತ್ತಿರ್ತಾರೆ, ಬಿಳಿ ಜಾಗಕ್ಕೆ ಉಸಿರು ಬಿಡೋಕೆ ಅಂತ ಇರ್ಬೇಕು ಅಂದ್ಕೊಂಡೆ. ಅವರ ಗೆರೆ ತಿದ್ದೋಕೆ ನಾನ್ಯಾರು?”

“ಅದು ಅಪ್ಪ ಕೆತ್ತಿದ್ದಲ್ಲ ಕಣೋ!” ಅಚ್ಚಕ್ಕ ಹಣೆ ಚಚ್ಚಿಕೊಂಡಳು. “ಇಲಿ ಕೆತ್ತಿದ್ದು!”

ಕುಂಚಪ್ಪ ಪರದೆಯನ್ನೂ ಅವಳನ್ನೂ ನೋಡಿದ. ಎರಡು ತಿಂಗಳು ಆ ಕಚ್ಚನ್ನು ಭಕ್ತಿಯಿಂದ ಕಾಪಾಡಿದವನ ಮುಖ ನೋಡಲು ಅಯ್ಯೋ ಎನ್ನಿಸುವಂತಿತ್ತು. ಜೊತೆಗೆ ಬಂದು ಬಾಗಿಲಲ್ಲಿ ನಿಂತಿದ್ದ ಪೇದೆ ನಗು ತಡೆಯಲು ಕೆಮ್ಮಿದ.

ಇನ್ಸ್‌ಪೆಕ್ಟರ್ ನಗಲಿಲ್ಲ. “ಪೋಸ್ಟರ್ ಹಾಕಿದ್ದು ನೀನಾ?”

“ಇಲ್ಲ ಸರ್. ನನ್ನ ಯಂತ್ರ ಪ್ಲಾಸ್ಟಿಕ್ಕಿಗೆ ಮಾತ್ರ. ಕಾಗದ ಹಾಕಿದ್ರೆ ಬಿಸಿಗೆ ಸುರುಟಿ ಹೋಗುತ್ತೆ, ನೋಡಿ ಬೇಕಾದ್ರೆ.”

ಪೇದೆ ಕೈಯಲ್ಲಿದ್ದ ಕಾಗದವನ್ನು ಯಂತ್ರದ ಬಾಯಿಗೆ ಕೊಟ್ಟು ನೋಡಿದ. ಅದು ಅರ್ಧಕ್ಕೆ ಮುದುಡಿ ಸಿಕ್ಕಿಕೊಂಡು, ಯಂತ್ರ ಕೀರಲು ದನಿಯಲ್ಲಿ ಬೊಬ್ಬೆ ಹಾಕಿತು. ಕುಂಚಪ್ಪ ಹೇಳಿದ್ದು ನಿಜ.

“ಅಂದ್ರೆ ಇದನ್ನ ಬೇರೆ ಯಾರಿಗೋ ಕೊಟ್ಟಿದ್ದೀಯ. ಎಷ್ಟು ಜನಕ್ಕೆ?”

“ಒಬ್ಬರಿಗೆ. ಯಾರು ಮಾಡ್ಸಿದ್ರೋ ಅವರಿಗೆ. ಒಂದು ಪೆನ್ ಡ್ರೈವ್, ಅಷ್ಟೆ.”

“ಮರದ ಮೊಳೆ ಇಲ್ಲದೆ ಇದನ್ನ ಹೇಗೆ ಮಾಡ್ದೆ?” ಅಚ್ಚಕ್ಕ ನಡುವೆ ನುಗ್ಗಿದಳು. ಒಮ್ಮೆ ಕಚ್ಚಿ ಹಿಡಿದದ್ದನ್ನು ಬಿಡುವ ಜೀವವಲ್ಲ ಅವಳದು.

“ಅವರೇ ತಂದುಕೊಟ್ರು ಅಕ್ಕಾ. ಎರಡು ತಿಂಗಳು ದಿನಾ ಮಧ್ಯಾಹ್ನ, ನೀವು ಊಟ ಮಾಡಿ ಒರಗಿಕೊಂಡಾಗ ನಾಲ್ಕು ನಾಲ್ಕು ಅಕ್ಷರ ಚೀಲದಲ್ಲಿ ತರೋರು. ಸಂಜೆಗೆ ವಾಪಸ್ಸು ಖಾನೆ ಸೇರಿಸೋರು.”

“ಕಳ್ಳರು! ನಮ್ಮನೆ ಒಳಗೆ ಬಂದು! ಯಾರು ಅವರು?”

“ಬೇಡ ಅಕ್ಕಾ.”

“ಏನು ಬೇಡ?”

“ನಿಮ್ಮ ಕಾಲಿಗೆ ಬೀಳ್ತೀನಿ. ಕೇಳಬೇಡಿ. ನಾನು ಮಾತು ಕೊಟ್ಟಿದ್ದೀನಿ.”

“ನನ್ನ ತಮ್ಮ ನಾಲ್ಕು ಗಂಟೆಗೆ ಜೈಲಿಗೆ ಹೋಗ್ತಾನೆ, ನೀನು ಮಾತು ಉಳಿಸ್ಕೊಂಡು ಕೂತಿದ್ದೀಯ?” ಅವಳು ಅವನ ಭುಜ ಹಿಡಿದು ಅಲುಗಿಸಿದಳು. ಅವನ ಕಣ್ಣು ಇನ್ಸ್‌ಪೆಕ್ಟರನ ಕಡೆ ಹೋಗಿ, ಮತ್ತೆ ಅವಳ ಕಡೆ ಬಂದು ಏನನ್ನೋ ಬೇಡುತ್ತಿತ್ತು. ಅಚ್ಚಕ್ಕ ಅದನ್ನು ಅಪರಾಧಿಯ ಹೆದರಿಕೆ ಎಂದುಕೊಂಡಳು. “ನಮ್ಮಪ್ಪನ ಹತ್ರ ಅಕ್ಷರ ಕಲಿತವನು ನೀನು. ಆ ಋಣಕ್ಕಾದ್ರೂ ಬಾಯಿ ಬಿಡು. ಸಾಹೇಬ್ರೆ, ಬರ್ಕೊಳ್ಳಿ. ಹೇಳೋ, ಯಾರು?”

“ನಿಮ್ಮ ತಮ್ಮ.”

ಯಂತ್ರ ಇನ್ನೂ ಬೊಬ್ಬೆ ಹಾಕುತ್ತಿತ್ತು. ಪೇದೆ ಅದರ ಗುಂಡಿ ಒತ್ತಿ ನಿಲ್ಲಿಸಿದ.

“ಮರಕ್ಕೆ ಹುಳ ಬಿದ್ದಿದೆ ಅಕ್ಕಾ,” ಎಂದ ಕುಂಚಪ್ಪ. “ಒಳಗಿಂದ ತಿನ್ನುತ್ತಿದೆಯಂತೆ. ಮೇಲಿಂದ ಕಾಣಲ್ಲ. ‘ಅಕ್ಕನಿಗೆ ಗೊತ್ತಾದ್ರೆ ಎದೆ ಒಡ್ಕೋತಾಳೆ, ಆನೆ ಪುಡಿಯಾಗೋದರೊಳಗೆ ಉಳಿಸ್ಬೇಕು, ಅವಳಿಗೆ ಹೇಳ್ಬೇಡ’ ಅಂದ್ರು. ಅದಕ್ಕೇ ನಾನು…”

ಅಚ್ಚಕ್ಕನ ಕೈ ಅವನ ಭುಜದಿಂದ ಜಾರಿತು. ಕಾಫಿ ಲೋಟ ಎತ್ತಿಡದ ಸೋಮಾರಿ ಎರಡು ತಿಂಗಳು ದಿನಾ ಬಿಸಿಲಿನಲ್ಲಿ ಮೊಳೆ ಹೊತ್ತಿದ್ದ. ಅವಳಿಗೆ ಅವನ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಉಕ್ಕಿತು. ಅದರ ಬೆನ್ನಿಗೇ ಇನ್ಸ್‌ಪೆಕ್ಟರನ ಪೆನ್ನು ಕಾಗದದ ಮೇಲೆ ಓಡುವ ಸದ್ದು ಕೇಳಿಸಿತು.

“ಅದರಿಂದ ಏನಾಯ್ತು?” ಎಂದಳು ಜೋರಾಗಿ. ತಾನೇ ತೋಡಿದ ಗುಂಡಿಯಿಂದ ತಾನೇ ಹತ್ತಿ ಬರಬೇಕಿತ್ತು. “ಮನೆ ಸ್ವತ್ತನ್ನ ಉಳಿಸ್ಕೊಂಡ. ಪೆನ್ ಡ್ರೈವ್ ಕಳೆದಿರ್ಬಹುದು. ಯಾರೋ ಕದ್ದಿರ್ಬಹುದು. ಯಾವತ್ತು ಕೊಟ್ಟೆ ಅದನ್ನ?”

“ಗುರುವಾರ ಮಧ್ಯಾಹ್ನ.”

“ಮೊನ್ನೆ! ನೋಡಿ ಸಾಹೇಬ್ರೆ, ದಾರೀಲಿ ಬೀಳಿಸ್ಕೊಂಡಿರ್ತಾನೆ. ಅವನ ಕಿಸೆಗೆ ಯಾವತ್ತೂ ತೂತು. ಒಬ್ಬನೇ ತಾನೆ ಬಂದಿದ್ದು? ಹೇಳೋ. ಒಬ್ಬನೇ ಬಂದು ಒಬ್ಬನೇ ಹೋದ ತಾನೆ?”

ಕುಂಚಪ್ಪ ಪರದೆಯ ಕಡೆ ಮುಖ ತಿರುಗಿಸಿದ.

“ಕೇಳಿದ್ದಕ್ಕೆ ಉತ್ತರ ಕೊಡು,” ಎಂದ ಇನ್ಸ್‌ಪೆಕ್ಟರ್.

“ಜೊತೆಗೆ ಒಬ್ಬರಿದ್ರು ಸರ್. ಯಾರು ಅಂತ ನನಗೆ ಗೊತ್ತಿರ್ಲಿಲ್ಲ. ನೀರು ಕೇಳಿದ್ರು, ಎರಡು ಲೋಟ ಕುಡಿದ್ರು. ಪರದೆ ಮೇಲೆ ಅಕ್ಷರ ನೋಡಿ, ‘ಇದು ಸಾಕು, ಇದನ್ನ ನೋಡಿದ್ರೆ ಜನ ನಿಲ್ತಾರೆ’ ಅಂದ್ರು. ಆಮೇಲೆ ಇಬ್ರೂ ಒಟ್ಟಿಗೆ ಹೊರಟ್ರು.”

ಇನ್ಸ್‌ಪೆಕ್ಟರ್ ಕಿಸೆಯಿಂದ ಫೋಟೋ ತೆಗೆದ. ಅವನು ಅದನ್ನು ತೋರಿಸುವ ಮೊದಲೇ ಅಚ್ಚಕ್ಕ ಕುಂಚಪ್ಪನ ಮುಖ ನೋಡುತ್ತಿದ್ದಳು, ಇಲ್ಲ ಅನ್ನು, ಇಲ್ಲ ಅನ್ನು ಎಂದು ಒಳಗೊಳಗೇ ಬೇಡಿಕೊಳ್ಳುತ್ತ.

“ಇವರೇ,” ಎಂದ ಕುಂಚಪ್ಪ. “ಗಡ್ಡ ಚಿಗುರಿತ್ತು. ಆದ್ರೆ ಇವರೇ.”

ಬುಧವಾರ ಬೆಳಿಗ್ಗೆಯಿಂದ ಯಾರ ಕಣ್ಣಿಗೂ ಬೀಳದ ಮನುಷ್ಯ ಗುರುವಾರ ಮಧ್ಯಾಹ್ನ ಇದೇ ನೆಲದ ಮೇಲೆ ನಿಂತು ನೀರು ಕುಡಿದಿದ್ದ. ಪಕ್ಕದಲ್ಲಿ ಅವಳ ತಮ್ಮ.

“ಸಾಹೇಬ್ರೆ, ಅವರು ಬದುಕಿದ್ದಾರೆ!” ಅಚ್ಚಕ್ಕ ಅವನ ತೋಳು ಹಿಡಿದಳು. “ಅವರೇ ಪೋಸ್ಟರ್ ಬೇಕು ಅಂದಿದ್ದಾರೆ. ಕೇಳಿಸ್ಲಿಲ್ವಾ? ಜನ ನಿಲ್ತಾರೆ ಅಂದ್ರು! ಸೇತುವೆ ಕಟ್ಟಿದವರೇ ಹತ್ತಬೇಡಿ ಅಂತಿದ್ದಾರೆ ಅಂದ್ರೆ ಆ ಸೇತುವೇಲಿ ಏನೋ ಇದೆ. ಅದನ್ನ ನೋಡಿ ಮೊದಲು!”

“ನೋಡ್ತೀನಿ ಅಮ್ಮಾ. ಮೊದಲು ಅವರನ್ನ ನೋಡ್ಬೇಕು.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. “ಅವರನ್ನ ಕೊನೆಗೆ ಕಂಡವನು ನಿಮ್ಮ ತಮ್ಮ. ಕಂಡೇ ಇಲ್ಲ ಅಂತ ಸಹಿ ಹಾಕಿ ಕೊಟ್ಟವನೂ ನಿಮ್ಮ ತಮ್ಮ. ಎಲ್ಲಿಟ್ಟಿದ್ದಾನೆ ಅವರನ್ನ?”

ಇನ್ಸ್‌ಪೆಕ್ಟರ್ ಮೆತ್ತಗೆ ತೋಳು ಬಿಡಿಸಿಕೊಂಡು ಠಾಣೆಗೆ ಫೋನು ಹಚ್ಚಿದ. ಎರಡು ಗಂಟೆಗೆ ಇನ್ನೂ ಐದು ನಿಮಿಷ ಬಾಕಿಯಿತ್ತು.

“ಹಲೋ. ಆ ಪೋಸ್ಟರ್ ಕೇಸಿನ ಕಾಗದ ಆಚೆಗಿಡಿ. ಹೌದು, ಅದು ಆಮೇಲೆ. ಹೊಸ ಹಾಳೆ ತಗೊಳ್ಳಿ. ಆರೋಪಿ ಅದೇ ಮನುಷ್ಯ.” ಒಮ್ಮೆ ಸೀನಿದ. “ಮೇಲೆ ಅಪಹರಣ ಅಂತ ಬರೀರಿ. ದಪ್ಪ ಅಕ್ಷರದಲ್ಲಿ.”